ಮೂಡುಬಿದಿರೆಯ ಓಲೆಗಳು

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ಬಸದಿಗಳ ಊರು. ಸಾವಿರ ಕಂಬದ ಬಸದಿಯನ್ನು ನೋಡಲು ಬಂದವರಲ್ಲಿ ಅನೇಕರು ಅಲ್ಲಿಯ ಗುರುಬಸದಿಯನ್ನೂ ನೋಡಿ ಹೋಗುತ್ತಾರೆ. ಈ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರುಂಟು. ಗುಡಿಗೆ ದೇವರ ಹೆಸರೋ ಕಟ್ಟಿಸಿದವರ ಹೆಸರೋ ಬರುವುದು ವಾಡಿಕೆ. ಶಾಸ್ತ್ರವೊಂದರ ಹೆಸರು ಬರುವುದು ಅಪರೂಪ. ಶತಮಾನಗಳ ಕಾಲ ಅಲ್ಲಿ ಕಾಪಾಡಲ್ಪಟ್ಟಿದ್ದ ಕೆಲವು ತಾಡವೋಲೆಯ ಕಟ್ಟುಗಳೇ ಈ ಹೆಸರಿಗೆ ಕಾರಣ. ದೂರದ ಯಾತ್ರಿಕರು ಬಂದಾಗ ರತ್ನದ ಪ್ರತಿಮೆಗಳ ಜೊತೆಗೆ ಈ ಕಟ್ಟುಗಳ ದರ್ಶನವನ್ನೂ ಮಾಡಿಸುತ್ತಿದ್ದರು. ಯಾತ್ರಿಕರು ಕೈಮುಗಿದು, ಕಾಣಿಕೆಯನ್ನಿಟ್ಟು ಹಿಂದಿರುಗುತ್ತಿದ್ದರು. ಓಲೆಗಳಿಗೆ ಪೂಜೆ ಸಲ್ಲುತ್ತಿದ್ದಿತು. ಅವುಗಳನ್ನು ಓದುವವರು ಮಾತ್ರ ಇರಲಿಲ್ಲ.

ಆ ಕಟ್ಟುಗಳಲ್ಲಿದ್ದುವು ಧವಳ, ಜಯಧವಳ, ಮಹಾಧವಳ ಎಂದು ಹೆಸರಾದ ಜೈನ ಸಿದ್ಧಾಂತ ಗ್ರಂಥಗಳು. ಅವುಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳೆಯ ಕನ್ನಡದ್ದು. ಇಡೀ ಭಾರತದಲ್ಲಿ ಈ ಗ್ರಂಥಗಳ ಪ್ರಾಚೀನ ಪ್ರತಿ ಉಳಿದಿದ್ದುದು ಇದೊಂದೇ ಊರಿನಲ್ಲಿ. ಒಂದು ಬೆಂಕಿ, ಒಂದು ಮಳೆಗಾಲದ ಸೋರಿಕೆ, ಒಂದು ಗೆದ್ದಲಿನ ಗೂಡು ಸಾಕಾಗಿದ್ದಿತು, ಸಾವಿರ ವರ್ಷಗಳ ವಿದ್ಯೆಯೊಂದು ಹೆಸರಾಗಿ ಮಾತ್ರ ಉಳಿಯಲು. ಕಣ್ಣೆದುರಿಗಿದ್ದೂ ಇಲ್ಲದಂತಾಗಿದ್ದ ಈ ವಿದ್ಯೆ ಎಲ್ಲಿಂದ ಬಂದಿತು, ಹೇಗೆ ಮರೆಯಾಯಿತು, ಮತ್ತೆ ಹೇಗೆ ಬೆಳಕನ್ನು ಕಂಡಿತು ಎಂಬುದು ತಿಳಿದುಕೊಳ್ಳತಕ್ಕ ಸಂಗತಿ. ಅದರ ಆರಂಭ ಕನ್ನಡ ನಾಡಿನಲ್ಲಿಲ್ಲ. ಬಹು ದೂರದ ಸೌರಾಷ್ಟ್ರದಲ್ಲಿದೆ.

ಮಹಾವೀರನ ಉಪದೇಶವು ಬಹುಕಾಲ ಬರಹಕ್ಕೆ ಇಳಿದಿರಲಿಲ್ಲ. ಗುರು ಹೇಳುವನು, ಶಿಷ್ಯ ಕೇಳಿ ನೆನಪಿನಲ್ಲಿಟ್ಟುಕೊಳ್ಳುವನು. ಆ ಶಿಷ್ಯ ಮುಂದೆ ಗುರುವಾಗಿ ಇನ್ನೊಬ್ಬನಿಗೆ ಹೇಳುವನು. ಆದುದರಿಂದಲೇ ಶಾಸ್ತ್ರಕ್ಕೆ ‘ಶ್ರುತ’, ಎಂದರೆ ಕೇಳಿದ್ದು, ಎಂದು ಹೆಸರಾಯಿತು. ಇಂತಹ ವಿದ್ಯೆಗೆ ಕಳ್ಳರ ಭಯವಿಲ್ಲ, ಗೆದ್ದಲಿನ ಭಯವಿಲ್ಲ. ಆದರೆ ಅದನ್ನು ಬಲ್ಲವನು ಶಿಷ್ಯನನ್ನು ಪಡೆಯದೆ ಕಣ್ಣು ಮುಚ್ಚಿದರೆ ಅದು ಅವನೊಡನೆಯೇ ಚಿತೆಯನ್ನೇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಶ್ರುತವು ಕ್ಷೀಣಿಸುತ್ತ ಬಂದು, ಅದರ ಕೆಲವು ಭಾಗಗಳನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದರು. ಅವರಲ್ಲಿ ಒಬ್ಬರು ಧರಸೇನಾಚಾರ್ಯರು. ಗಿರಿನಗರದ ಚಂದ್ರಗುಹೆಯಲ್ಲಿ ವಾಸಿಸುತ್ತಿದ್ದ ಆ ವೃದ್ಧರು, ತಮ್ಮ ನಂತರ ಈ ವಿದ್ಯೆ ಅಳಿದುಹೋದೀತೆಂದು ಅಂಜಿ, ಒಂದೆಡೆ ನೆರೆದಿದ್ದ ದಕ್ಷಿಣಾಪಥದ ಮುನಿಗಳಿಗೆ ಓಲೆಯನ್ನು ಕಳುಹಿಸಿದರು. ಗ್ರಹಿಸುವ ಮತ್ತು ನೆನಪಿನಲ್ಲಿ ಧರಿಸುವ ಶಕ್ತಿಯುಳ್ಳ ಇಬ್ಬರು ಮುನಿಗಳನ್ನು ಆರಿಸಿ ಅವರ ಬಳಿಗೆ ಕಳುಹಿಸಲಾಯಿತು. ಪುಷ್ಪದಂತ, ಭೂತಬಲಿ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧರಾದವರು ಇವರೇ.

ಬಂದವರಿಗೆ ಗುರುಗಳು ಕೂಡಲೇ ಪಾಠವನ್ನು ಆರಂಭಿಸಲಿಲ್ಲ. ಮೊದಲು ಪರೀಕ್ಷಿಸಿದರು. ಈ ಪರೀಕ್ಷೆಯ ಕಥೆಯನ್ನು ಧವಳ ಗ್ರಂಥವೇ ಹೇಳುತ್ತದೆ. ಆಚಾರ್ಯರು ಇಬ್ಬರಿಗೂ ಒಂದೊಂದು ಮಂತ್ರವನ್ನು ಕೊಟ್ಟು, ಉಪವಾಸವಿದ್ದು ಸಾಧಿಸಿರೆಂದರು. ಒಂದು ಮಂತ್ರದಲ್ಲಿ ಒಂದು ಅಕ್ಷರ ಹೆಚ್ಚಾಗಿದ್ದಿತು. ಇನ್ನೊಂದರಲ್ಲಿ ಒಂದು ಅಕ್ಷರ ಕಡಿಮೆಯಾಗಿದ್ದಿತು. ಈ ಸಂಗತಿಯನ್ನು ಆಚಾರ್ಯರು ಅವರಿಗೆ ತಿಳಿಸಿರಲಿಲ್ಲ. ಶಿಷ್ಯರು ಮಂತ್ರವನ್ನು ಜಪಿಸಲು ಇಬ್ಬರು ದೇವತೆಯರು ಪ್ರತ್ಯಕ್ಷರಾದರು. ಒಬ್ಬಳ ಹಲ್ಲುಗಳು ಹೊರಚಾಚಿದ್ದುವು; ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಯರು ವಿಕಾರವಾಗಿರುವುದು ಸ್ವಭಾವವಲ್ಲ; ದೋಷವಿರುವುದು ಮಂತ್ರದಲ್ಲಿಯೇ ಎಂದು ಶಿಷ್ಯರು ಊಹಿಸಿದರು. ಮಂತ್ರಶಾಸ್ತ್ರದ ನಿಯಮದಂತೆ ಹೆಚ್ಚಿನ ಅಕ್ಷರವನ್ನು ತೆಗೆದು, ಕಡಿಮೆಯಾದುದನ್ನು ಸೇರಿಸಿ ಮತ್ತೆ ಜಪಿಸಿದಾಗ ದೇವತೆಯರು ಸಹಜ ರೂಪದಲ್ಲಿ ಬಂದು ನಿಂತರು. ನಡೆದುದನ್ನು ಕೇಳಿದ ಮೇಲೆಯೇ ಆಚಾರ್ಯರು ಪಾಠವನ್ನು ತೊಡಗಿದರು. ಹೇಳಿದ್ದನ್ನು ಹೇಳಿದಂತೆ ಒಪ್ಪಿಸುವ ಶಿಷ್ಯರು ಅವರಿಗೆ ಬೇಕಾಗಿರಲಿಲ್ಲ. ಒಂದು ಅಕ್ಷರ ಕೆಟ್ಟರೆ ಅರ್ಥವೇ ಕೆಡುವುದೆಂದು ಬಲ್ಲವರು, ಗುರುವಿನಿಂದಲೇ ಬಂದ ತಪ್ಪನ್ನೂ ತಪ್ಪೆಂದು ಕಾಣಬಲ್ಲವರು ಬೇಕಾಗಿದ್ದರು.

ಪಾಠವು ಆಷಾಢ ಶುದ್ಧ ಏಕಾದಶಿಯಂದು ಮುಗಿದಿತು. ಗುರುಗಳ ಅಪ್ಪಣೆಯಂತೆ ಶಿಷ್ಯರು ಕೂಡಲೇ ಹೊರಟು ಅಂಕುಲೇಶ್ವರದಲ್ಲಿ ಮಳೆಗಾಲವನ್ನು ಕಳೆದರು. ಅನಂತರ ಭೂತಬಲಿಗಳು ದ್ರಮಿಳ ದೇಶಕ್ಕೆ, ಎಂದರೆ ತಮಿಳು ನಾಡಿಗೆ, ಹೋದರು. ಪುಷ್ಪದಂತರು ಹೋದುದು ವನವಾಸ ದೇಶಕ್ಕೆ. ಅದು ನಮ್ಮ ಬನವಾಸಿಯ ಸೀಮೆ. ಅಲ್ಲಿ ಅವರು ತಾವು ಕಲಿತುದನ್ನು ಸೂತ್ರರೂಪದಲ್ಲಿ ರಚಿಸತೊಡಗಿದರು. 177 ಸೂತ್ರಗಳಾಗುವ ಹೊತ್ತಿಗೆ ತಮ್ಮ ಆಯುಸ್ಸು ಹೆಚ್ಚಿಲ್ಲವೆಂದು ತೋರಲು, ಜಿನಪಾಲಿತನೆಂಬ ಶಿಷ್ಯನಿಗೆ ಅವುಗಳನ್ನು ಕಲಿಸಿ ಭೂತಬಲಿಗಳ ಬಳಿಗೆ ಕಳುಹಿಸಿದರು. ಸಹಪಾಠಿಯ ಸ್ಥಿತಿಯನ್ನರಿತ ಭೂತಬಲಿಗಳು ಉಳಿದ ಭಾಗವನ್ನು ತಾವೇ ರಚಿಸಿ ಪೂರೈಸಿದರು. ಆರು ಖಂಡಗಳ ಆ ಗ್ರಂಥವೇ ‘ಷಟ್‌ಖಂಡಾಗಮ’. ಅದು ಪುಸ್ತಕವಾಗಿ ಬರೆಯಲ್ಪಟ್ಟ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ‘ಶ್ರುತಪಂಚಮಿ’ ಎಂದು ಇಂದಿಗೂ ಆಚರಿಸುತ್ತಾರೆ. ಪುಸ್ತಕ ಹುಟ್ಟಿದ ದಿನ ಹಬ್ಬವಾಗಿರುವುದು ಲೋಕದಲ್ಲಿ ಹೆಚ್ಚು ಕಡೆ ಕಾಣದ ಸಂಗತಿ.

ಸೂತ್ರಗಳು ನೆನಪಿಗೆ ಅನುಕೂಲ, ಅರ್ಥಕ್ಕೆ ಕಷ್ಟ. ಆದುದರಿಂದ ಕಾಲಕಾಲಕ್ಕೆ ವ್ಯಾಖ್ಯಾನಗಳು ಹುಟ್ಟಿದುವು. ಅವುಗಳಲ್ಲಿ ಹಿರಿದಾದುದು ವೀರಸೇನಾಚಾರ್ಯರ ‘ಧವಳ’. ಅದು ಮುಗಿದುದು ಕ್ರಿ. ಶ. 816ರಲ್ಲಿ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗುಣಧರಾಚಾರ್ಯರ ‘ಕಷಾಯಪ್ರಾಭೃತ’ವೆಂಬ ಇನ್ನೊಂದು ಗ್ರಂಥಕ್ಕೆ ವೀರಸೇನರು ತೊಡಗಿದ ವ್ಯಾಖ್ಯಾನವೇ ‘ಜಯಧವಳ’. ಅದರ ಮೂರನೆಯ ಒಂದು ಭಾಗ ಆಗುವಷ್ಟರಲ್ಲಿ ಅವರು ತೀರಿಕೊಂಡರು. ಉಳಿದುದನ್ನು ಅವರ ಶಿಷ್ಯರಾದ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು. ಮಾನ್ಯಖೇಟದ ಅರಸನಾದ ಅಮೋಘವರ್ಷ ನೃಪತುಂಗನು ಗೌರವಿಸುತ್ತಿದ್ದ ಜಿನಸೇನರು ಇವರೇ. ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಸಂಸ್ಕೃತ ಪುರಾಣವನ್ನು ಬರೆದವರೂ ಇವರೇ. ಷಟ್‌ಖಂಡಾಗಮದ ಆರನೆಯ ಖಂಡವಾದ ‘ಮಹಾಬಂಧ’ವು ತಾನೇ ಬಹು ವಿಸ್ತಾರವಾದುದರಿಂದ ಪ್ರತ್ಯೇಕವಾಗಿ ಉಳಿದು ‘ಮಹಾಧವಳ’ವೆಂದು ಹೆಸರಾಯಿತು.

ಇವುಗಳ ಗಾತ್ರವನ್ನು ಊಹಿಸಿಕೊಳ್ಳಬೇಕು. ಪೂರ್ವದಲ್ಲಿ 32 ಅಕ್ಷರಗಳಿಗೆ ಒಂದು ‘ಗ್ರಂಥ’ವೆಂದು ಎಣಿಸುತ್ತಿದ್ದರು. ಧವಳದ ಅಳತೆ 72,000 ಗ್ರಂಥ, ಜಯಧವಳದ್ದು 60,000. ಧವಳವೊಂದನ್ನೇ ಪ್ರತಿಮಾಡಲು ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕ ಅಕ್ಷರಗಳನ್ನು ಕೈಯಿಂದ ಬರೆಯಬೇಕು. ಶ್ರೀತಾಳೆಯ ಗರಿಗಳನ್ನು ಹದಮಾಡಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆಂದು ರಂಧ್ರಗಳನ್ನು ಕೊರೆದು ಸಿದ್ಧಪಡಿಸಿದ ಮೇಲೆ ಲಿಪಿಕಾರನ ಕೆಲಸ. ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಲೋಹದ ಕಂಟದಿಂದ ಓಲೆಯ ಮೇಲೆ ಕೊರೆದು, ಬಳಿಕ ಮಸಿ ತೊಡೆಯುವುದು ಪದ್ಧತಿ. ಮೂಡುಬಿದಿರೆಯ ಈ ಪ್ರತಿಗಳಾದರೋ ಮಸಿಯಿಂದಲೇ ಬರೆಯಲ್ಪಟ್ಟವು. ಕೆಲವು ಓಲೆಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಬರೆದು ಮುಗಿದ ಓಲೆಗಳನ್ನು ಎರಡು ಹಲಗೆಗಳ ನಡುವೆ ಇಟ್ಟು, ದಾರದಿಂದ ಬಿಗಿದು, ಬಟ್ಟೆಯಲ್ಲಿ ಸುತ್ತಿದರೆ ಒಂದು ಕಟ್ಟಾಗುತ್ತದೆ.

ಇಷ್ಟು ಶ್ರಮದ ಕೆಲಸಕ್ಕೆ ಹಣ ಬೇಕು. ಅದನ್ನು ಒದಗಿಸಿದವರಲ್ಲಿ ಸ್ತ್ರೀಯರೇ ಎದ್ದು ಕಾಣುತ್ತಾರೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಎಲ್ಲರಿಗೂ ತಿಳಿದುದೇ ಆಗಿದೆ. ಧವಳದ ಪ್ರತಿಯನ್ನು ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದವಳು ದೇಮಿಯಕ್ಕ. ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದವಳು ಮಲ್ಲಿಕಬ್ಬೆ. ವ್ರತ ಮುಗಿದಾಗ ಶಾಸ್ತ್ರದಾನ ಮಾಡುವುದು ಅಂದಿನ ಆಚಾರ. ಗ್ರಂಥಗಳ ಕೊನೆಯ ಪದ್ಯಗಳಲ್ಲಿ ಈ ಹೆಸರುಗಳು ಉಳಿದಿವೆ. ಆ ಇಬ್ಬರು ಗೃಹಿಣಿಯರು ಅಂದು ಕೊಟ್ಟ ಹಣವೇ ಈ ಶಾಸ್ತ್ರಗಳನ್ನು ಮುಂದಿನ ಎಂಟು ಶತಮಾನಗಳ ಕಾಲ ಉಳಿಸಿತು ಎಂದರೆ ಅತಿಶಯೋಕ್ತಿಯಾಗದು.

ಇಷ್ಟಾಗಿಯೂ ಓದು ನಿಂತುಹೋದುದೇಕೆ? ಒಂದು ಕಾರಣ ವಿಚಿತ್ರವಾಗಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಈ ಶಾಸ್ತ್ರರಾಶಿಯ ತಿರುಳನ್ನು ಹಿಂಡಿ ‘ಗೊಮ್ಮಟಸಾರ’ವನ್ನು ರಚಿಸಿದರು. ಅದು ಚಿಕ್ಕದು, ಚೊಕ್ಕವಾದುದು, ಬಾಯಿಪಾಠಕ್ಕೆ ಅನುಕೂಲವಾದುದು. ಕ್ರಮೇಣ ಎಲ್ಲರೂ ಅದನ್ನೇ ಓದತೊಡಗಿದರು. ಮೂಲದ ಕಡೆಗೆ ಹೋಗುವವರು ಕಡಿಮೆಯಾದರು. ಪರೀಕ್ಷೆಯ ಹಿಂದಿನ ದಿನ ಸಾರಾಂಶದ ಪುಸ್ತಕವನ್ನು ಹುಡುಕುವ ವಿದ್ಯಾರ್ಥಿಗಳಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಗೊಮ್ಮಟಸಾರವು ಉತ್ತಮ ಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. ಅದು ಉತ್ತಮವಾದುದೇ ಮೂಲಕ್ಕೆ ಮುಳುವಾಯಿತು. ಇನ್ನೊಂದು ಕಾರಣ, ಸಿದ್ಧಾಂತವನ್ನು ಓದುವ ಅಧಿಕಾರ ಗೃಹಸ್ಥರಿಗಿಲ್ಲವೆಂಬ ಭಾವನೆ. ಓದಬಲ್ಲ ಮುನಿಗಳು ವಿರಳರಾದರು. ಓದಲಿಚ್ಛಿಸುವ ಗೃಹಸ್ಥರಿಗೆ ಅಪ್ಪಣೆಯಿರಲಿಲ್ಲ. ಘಟ್ಟದ ಮೇಲಿನ ನಾಡಿನಲ್ಲಿ ಬರೆಯಲ್ಪಟ್ಟ ಓಲೆಗಳು ಕಾಲಾಂತರದಲ್ಲಿ ಘಟ್ಟವನ್ನಿಳಿದು ಮೂಡುಬಿದಿರೆಯನ್ನು ಸೇರಿ, ಅಲ್ಲಿ ದೇವರಾದವು.

ಕಾವಲಿದ್ದವರನ್ನು ಹಳಿಯುವುದು ಸುಲಭ. ಆದರೆ ಕೇಳಿದವರಿಗೆಲ್ಲ ಕೊಟ್ಟಿದ್ದರೆ ಆ ಓಲೆಗಳು ಯಾವ ಊರಿನ ಯಾವ ಅಟ್ಟದ ಮೇಲೆ ಪುಡಿಯಾಗುತ್ತಿದ್ದುವೋ ಹೇಳಲಾಗದು. ಬೇರೆ ಎಲ್ಲ ಕಡೆಯ ಪ್ರತಿಗಳು ಅಳಿದುಹೋದಾಗ ಉಳಿದುದು ಅವರು ಹೊರಬಿಡದೆ ಕಾಯ್ದ ಪ್ರತಿಯೇ ಎಂಬುದನ್ನು ಮರೆಯಬಾರದು. ಆದರೆ ಭಕ್ತಿಯಿಂದ ಮುಚ್ಚಿಟ್ಟ ಮಾತ್ರಕ್ಕೆ ಹುಳು ಓಲೆಯನ್ನು ಬಿಡುವುದಿಲ್ಲ. ತುಳುನಾಡಿನ ಮಳೆ, ತೇವ, ಸೆಕೆಗಳ ನಡುವೆ ಓಲೆಗಳು ಒಳಗೊಳಗೇ ಶಿಥಿಲವಾಗುತ್ತಿದ್ದುವು.

1883ರಲ್ಲಿ ಮುಂಬಯಿಯ ಶ್ರೇಷ್ಠಿಗಳಾದ ಮಾಣಿಕಚಂದರು ಯಾತ್ರೆಗೆಂದು ಬಂದು ಈ ಕಟ್ಟುಗಳ ದರ್ಶನ ಮಾಡಿದರು. ಅವರು ಕೈಮುಗಿದು ಸುಮ್ಮನೆ ಹೋಗಲಿಲ್ಲ. ಓಲೆಗಳ ಜೀರ್ಣಸ್ಥಿತಿಯನ್ನು ಕಂಡು, ಇವುಗಳನ್ನು ಓದಬಲ್ಲವರು ಯಾರಿದ್ದಾರೆಂದು ವಿಚಾರಿಸಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೆಂಬ ಒಬ್ಬರ ಹೆಸರು ಮಾತ್ರ ದೊರೆಯಿತು. ಮಾಣಿಕಚಂದರಿಂದ ವಿಷಯವನ್ನು ತಿಳಿದ ಸೊಲ್ಲಾಪುರದ ಹೀರಾಚಂದ ನೇಮಚಂದರು ಆ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡುಬಿದಿರೆಗೆ ಬಂದರು. ಶಾಸ್ತ್ರಿಗಳು ಓಲೆಯ ಕಟ್ಟನ್ನು ಬಿಚ್ಚಿ ಮೊದಲ ಮಂಗಲಪದ್ಯಗಳನ್ನು ಓದಿದರು. ಬಹುಕಾಲದ ಮೇಲೆ ಆ ಓಲೆಗಳ ಅಕ್ಷರಗಳು ಕಿವಿಗೆ ಕೇಳಿಸಿದುವು.

ಪ್ರತಿಮಾಡಿಸಬೇಕೆಂಬ ಪ್ರಯತ್ನಕ್ಕೆ ಒಪ್ಪಿಗೆ ದೊರೆತು ಕೆಲಸ ಆರಂಭವಾಗುವ ಹೊತ್ತಿಗೆ ಮತ್ತೆ ಹನ್ನೆರಡು ವರ್ಷಗಳು ಕಳೆದಿದ್ದುವು. ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಉಪಾಧ್ಯಾಯರು ಬರೆಯತೊಡಗಿದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು, ಉಪಾಧ್ಯಾಯರು ಮುಂದುವರಿಸಿದರು. ಕನ್ನಡ ಲಿಪಿಯ ಪ್ರತಿ, ನಾಗರಿ ಲಿಪಿಯ ಪ್ರತಿ ಎಂದು ಮೂರು ಗ್ರಂಥಗಳ ಕೆಲಸ ಮುಗಿಯುವಾಗ 1922 ಬಂದಿತು. ಈ ಪ್ರತಿಗಳನ್ನೂ ಊರಿನಿಂದ ಹೊರಕ್ಕೆ ಒಯ್ಯಬಾರದೆಂಬುದು ಕಟ್ಟುಪಾಡು. ಓಲೆಯ ಪಕ್ಕದಲ್ಲಿ ಕಾಗದವೂ ಬೀಗದೊಳಗೆ ಸೇರಿತು.

ಈ ನಡುವೆ ಇನ್ನೊಂದು ಕೆಲಸ ಗುಟ್ಟಾಗಿ ನಡೆದಿದ್ದಿತು. ಗಜಪತಿ ಉಪಾಧ್ಯಾಯರು ಹಗಲು ಮಠಕ್ಕಾಗಿ ನಾಗರಿ ಪ್ರತಿಯನ್ನು ಬರೆಯುತ್ತಿರುವಾಗಲೇ, ವಿದ್ಯಾವತಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯ ಮತ್ತೊಂದು ಪ್ರತಿಯನ್ನು ಯಾರಿಗೂ ತಿಳಿಯದಂತೆ ಸಿದ್ಧಪಡಿಸಿದರು. ಅದನ್ನು ಕೊಳ್ಳಿರೆಂದು ಹೀರಾಚಂದರನ್ನು ಕೇಳಿದಾಗ, ನಂಬಿಕೆಗೆ ವಿರೋಧವಾಗಿ ಬಂದುದನ್ನು ಕೊಳ್ಳುವುದು ಉಚಿತವಲ್ಲವೆಂದು ಅವರು ಒಪ್ಪಲಿಲ್ಲ. ಗ್ರಂಥವು ಹೊರಬರಬೇಕೆಂದು ಅಷ್ಟು ಶ್ರಮಿಸಿದವರೇ ಕೈಗೆ ಬಂದ ಗ್ರಂಥವನ್ನು ಬೇಡವೆಂದರು! ಕೊನೆಗೆ ಉತ್ತರದ ಸಹಾರನಪುರದ ಜಂಬೂಪ್ರಸಾದರೆಂಬ ಶ್ರೀಮಂತರು ಅದನ್ನು ಪಡೆದು ತಮ್ಮ ಮಂದಿರದಲ್ಲಿರಿಸಿದರು. ಉತ್ತರದವರಿಗೆ ಕನ್ನಡ ಲಿಪಿ ತಿಳಿಯದು. ಆದುದರಿಂದ ಕನ್ನಡ ಬಲ್ಲ ವಿಜಯಚಂದ್ರಯ್ಯನವರು ಓದುವುದು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುವುದು ಎಂದು ಏರ್ಪಾಡಾಯಿತು. ಸಹಾರನಪುರದವರೂ ಪ್ರತಿಯನ್ನು ಹೊರಬಿಡಲು ಒಪ್ಪುವವರಲ್ಲ. ಆದರೆ ಬರೆದುಕೊಳ್ಳುತ್ತಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿಯನ್ನು ಉಳಿಸಿಕೊಂಡರು. ಆ ಪ್ರತಿಯಿಂದ ಹುಟ್ಟಿದ ಪ್ರತಿಗಳು ಅಮರಾವತಿ, ಆರಾ, ಕಾರಂಜಾ ಮೊದಲಾದ ಊರುಗಳನ್ನು ಸೇರಿದುವು. ಬೀಗ ಎರಡು ಬಾರಿ ಬಿದ್ದಿತು. ವಿದ್ಯೆ ಎರಡು ಬಾರಿಯೂ ಬರೆಯುವವನ ಕೈಯಿಂದಲೇ ಜಾರಿತು.

ಉಪಾಧ್ಯಾಯರು ಮಾಡಿದುದು ಸರಿಯೇ? ಕೊಟ್ಟ ಮಾತನ್ನು ಅವರು ಮೀರಿದರೆಂಬುದು ನಿಜ. ಅವರು ಮೀರದಿದ್ದರೆ ಗ್ರಂಥಗಳ ಪ್ರಕಟಣೆ ಇನ್ನೆಷ್ಟು ಕಾಲ ತಡೆಯುತ್ತಿದ್ದಿತೋ ಎಂಬುದೂ ನಿಜ. ಅದರಲ್ಲಿ ಲಾಭದ ಆಸೆ ಎಷ್ಟು, ಶಾಸ್ತ್ರದ ಮೇಲಿನ ಪ್ರೀತಿ ಎಷ್ಟು ಎಂದು ಈಗ ಅಳೆಯಬಲ್ಲವರು ಯಾರು? ಹೀರಾಚಂದರ ನಿರಾಕರಣೆಯನ್ನು ಮೆಚ್ಚುವವರೂ ಉಪಾಧ್ಯಾಯರ ಬರಹದ ಫಲವನ್ನು ಉಣ್ಣಲೇಬೇಕಾಗಿದೆ.

ಅಮರಾವತಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಹೀರಾಲಾಲ ಜೈನರು ಈ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಹಿಂದಿ ಅನುವಾದದೊಡನೆ ಧವಳದ ಮೊದಲ ಸಂಪುಟವನ್ನು 1939ರಲ್ಲಿ ಹೊರತಂದರು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಪ್ರಾಕೃತ ಪಂಡಿತ ಆ. ನೇ. ಉಪಾಧ್ಯೆಯವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳು ಪೂರ್ಣಗೊಂಡುವು. ಪ್ರಕಟವಾದ ಗ್ರಂಥದಲ್ಲಿ ಧರ್ಮಜಿಜ್ಞಾಸುಗಳಿಗೆ ಮಾತ್ರವಲ್ಲ, ಗಣಿತಜ್ಞರಿಗೂ ಅಚ್ಚರಿ ಕಾದಿದ್ದಿತು. ಲಖನೌ ವಿಶ್ವವಿದ್ಯಾನಿಲಯದ ಅವಧೇಶ ನಾರಾಯಣ ಸಿಂಹರು ಧವಳದ ಗಣಿತವನ್ನು ಕುರಿತು ನಾಲ್ಕನೆಯ ಸಂಪುಟದಲ್ಲಿ ಬರೆದರು. ವೀರಸೇನರು ‘ಅರ್ಧಚ್ಛೇದ’ವೆಂಬ ಒಂದು ಲೆಕ್ಕವನ್ನು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಿದರೆ ಒಂದು ಉಳಿಯುವುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. ಎಂಟರದ್ದು ಮೂರು, ಮೂವತ್ತೆರಡರದ್ದು ಐದು. ಎಂಟನ್ನು ಮೂವತ್ತೆರಡರಿಂದ ಗುಣಿಸಿದರೆ 256. ಅದರ ಅರ್ಧಚ್ಛೇದ ಎಂಟು, ಎಂದರೆ ಮೂರು ಮತ್ತು ಐದರ ಮೊತ್ತ. ಗುಣಾಕಾರವನ್ನು ಕೂಡುವಿಕೆಯಾಗಿ ಮಾರ್ಪಡಿಸುವ ಈ ಗುಣವೇ ಇಂದಿನ ಗಣಿತದ ಲಾಗರಿತಮ್‌ಗಳಿಗೂ ಆಧಾರ. ಯೂರೋಪಿನಲ್ಲಿ ಲಾಗರಿತಮ್‌ನ ಕೋಷ್ಟಕಗಳು ಅಚ್ಚಾದುದು 1614ರಲ್ಲಿ. ವೀರಸೇನರು ಅಂತಹ ಕೋಷ್ಟಕಗಳನ್ನೇನೂ ಮಾಡಲಿಲ್ಲ. ಆದರೆ ಅದರ ಬೀಜದಂತಹ ವಿಚಾರವು ಒಂಬತ್ತನೆಯ ಶತಮಾನದ ಈ ಗ್ರಂಥದಲ್ಲಿದ್ದು, ಮೂಡುಬಿದಿರೆಯ ಕಟ್ಟಿನೊಳಗೆ ಯಾರಿಗೂ ತಿಳಿಯದೆ ಉಳಿದಿದ್ದಿತು.

ಸಂಪಾದಕರ ಕಷ್ಟವೂ ಸಾಮಾನ್ಯವಾದುದಲ್ಲ. ಅವರ ಕೈಗೆ ಬಂದುದು ಪ್ರತಿಯ ಪ್ರತಿಯ ಪ್ರತಿ. ಹಳೆಯ ಓಲೆಯಲ್ಲಿ ದಕಾರ ಧಕಾರಗಳಿಗೆ ಭೇದ ಕಾಣುವುದು ಕಷ್ಟ. ಗುಟ್ಟಿನಲ್ಲಿ ಬರೆಯುವವನಿಗೆ ಅವಸರ. ಕೇಳಿ ಬರೆಯುವವನಿಗೆ ಕಿವಿಯ ದೋಷ. ಪ್ರತಿ ಹಂತದಲ್ಲಿಯೂ ಒಂದಿಷ್ಟು ಅಕ್ಷರಗಳು ಬಿದ್ದುಹೋಗಿದ್ದುವು, ಒಂದಿಷ್ಟು ಹೆಚ್ಚಾಗಿ ಸೇರಿದ್ದುವು. ಪುಷ್ಪದಂತರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವಿರಬೇಕೆಂದು ವ್ಯಾಖ್ಯಾನದ ಧಾಟಿಯಿಂದ ಸಂಪಾದಕರಿಗೆ ತೋರಿತು. ಆದರೆ ಕೈಯಲ್ಲಿದ್ದ ಪ್ರತಿಗಳಲ್ಲಿ ಅದಿರಲಿಲ್ಲ. ಸಂಯಮಿ ಎಂಬರ್ಥದ ಆ ಪದವಿದ್ದರೆ ಸ್ತ್ರೀಯರ ಆಧ್ಯಾತ್ಮಿಕ ಸ್ಥಾನವನ್ನು ಕುರಿತು ಸೂತ್ರ ಹೇಳುವ ಮಾತೇ ಬೇರೆಯಾಗುತ್ತದೆ. ಅವರು ಪದವನ್ನು ಮೂಲದೊಳಗೆ ತುರುಕದೆ, ಇಲ್ಲಿ ಇದಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪಂಡಿತರಲ್ಲಿ ದೊಡ್ಡ ವಿವಾದವೆದ್ದಿತು. ಇದನ್ನು ಬಗೆಹರಿಸಬಲ್ಲುದು ಒಂದೇ ಒಂದು, ಮೂಡುಬಿದಿರೆಯ ಓಲೆ.

ಆ ವೇಳೆಗೆ ಮೂಡುಬಿದಿರೆಯ ಮನಸ್ಸೂ ಬದಲಾಗಿದ್ದಿತು. ಅಚ್ಚಾದ ಗ್ರಂಥದ ಶುದ್ಧತೆಯನ್ನೂ ಸಂಪಾದಕರ ಶ್ರದ್ಧೆಯನ್ನೂ ಕಂಡ ಮೇಲೆ ಅಲ್ಲಿಯ ಭಟ್ಟಾರಕರೂ ಬಸದಿಯ ಅಧಿಕಾರಿಗಳೂ ಮೂಲವನ್ನು ಹೋಲಿಸಿ ನೋಡಲು ಸಮ್ಮತಿಸಿದರು. ಮೂರನೆಯ ಸಂಪುಟದ ಹೊತ್ತಿಗೆ ಓಲೆಯ ಪಾಠಗಳು ಅಮರಾವತಿಗೆ ತಲುಪತೊಡಗಿದುವು. ಅಲ್ಲಿಯ ಪಂಡಿತರೇ ಓಲೆಗಳನ್ನು ತೆರೆದು, ಅಚ್ಚಿನ ಪುಟದೊಡನೆ ಅಕ್ಷರಕ್ಕೆ ಅಕ್ಷರವಿಟ್ಟು ನೋಡಿ, ಭೇದಗಳನ್ನು ಬರೆದು ಕಳುಹಿಸಿದರು. 93ನೆಯ ಸೂತ್ರದ ಓಲೆಯನ್ನೂ ನೋಡಿದರು. ಪದವು ಅಲ್ಲಿದ್ದಿತು.

ಮಹಾಬಂಧದ ಓಲೆಗಳ ಭಾಗ್ಯ ಅಂತಹುದಾಗಿರಲಿಲ್ಲ. ಮಲ್ಲಿಕಬ್ಬೆ ಬರೆಯಿಸಿದ ಆ ಪ್ರತಿಯ ಕೆಲವು ಓಲೆಗಳು, ಪ್ರತಿಮಾಡುವ ಕಾಲ ಬರುವುದಕ್ಕೆ ಮೊದಲೇ ನಷ್ಟವಾಗಿದ್ದುವು. ಹೋಲಿಸಿ ನೋಡಲು ಬೇರೆಲ್ಲಿಯೂ ಇನ್ನೊಂದು ಓಲೆಪ್ರತಿ ಇರಲಿಲ್ಲ. ಅಚ್ಚಾದ ಗ್ರಂಥದಲ್ಲಿಯೂ ಆ ಭಾಗಗಳು ಇಲ್ಲದೆಯೇ ಉಳಿದಿವೆ.